ಕುಳಿತವರು: ಎಡದಿಂದ ಬಲಕ್ಕೆ

ಫೆಬ್ರುವರಿ ಬಂತೆಂದರೆ ಶಾಲೆ–ಕಾಲೇಜುಗಳಲ್ಲಿ ಗ್ರೂಪ್ ಫೋಟೊ, ಅದರ ಬೆನ್ನಿಗೇ ವಾರ್ಷಿಕ ಸಂಚಿಕೆಯ ಓಡಾಟ. ಮೊಳೆ ಜೋಡಿಸುತ್ತಿದ್ದ ಕಾಲ ಹೋಗಿ ಲೇಖನಗಳು ಮೊಬೈಲಿನಲ್ಲಿ ಬಂದು ಬೀಳುವ ಕಾಲ ಬಂದಿದೆ. ಆದರೆ ನಮ್ಮ ಬಹುಪಾಲು ಮಕ್ಕಳ ಹೆಸರು ಮೊದಲ ಸಲ ಅಚ್ಚಾಗುವುದು ಇವತ್ತಿಗೂ ಇದೇ ಪುಸ್ತಕದಲ್ಲಿ. ಆ ಹೆಸರು ಸರಿಯಾಗಿ ಅಚ್ಚಾಗುತ್ತಿದೆಯೇ?

“ಹಿಂದಿನ ಸಾಲಿನವರು ಬೆಂಚು ಹತ್ತಿ. ಉದ್ದ ಇರೋರು ಮಧ್ಯಕ್ಕೆ. ಏ, ಅಲ್ಲಿ ಕೊನೇಲಿ, ಮುಖ ಕಾಣ್ತಾ ಇಲ್ಲ, ಸ್ವಲ್ಪ ಈಚೆ ಬಾ.”

ಪ್ರಾರ್ಥನೆ ಮುಗಿದು ಇನ್ನೂ ಅರ್ಧ ಗಂಟೆಯಾಗಿಲ್ಲ. ಪ್ರೌಢಶಾಲೆಯ ಅಂಗಳದಲ್ಲಿ ಸ್ಟಾಫ್ ರೂಮಿನ ಕುರ್ಚಿಗಳೆಲ್ಲ ಹೊರಗೆ ಬಂದಿವೆ. ಕುರ್ಚಿಗಳ ಹಿಂದೆ ಒಂದು ಸಾಲು ನೆಲದ ಮೇಲೆ, ಇನ್ನೊಂದು ಸಾಲು ಬೆಂಚಿನ ಮೇಲೆ, ಮತ್ತೊಂದು ಸಾಲು ಡೆಸ್ಕಿನ ಮೇಲೆ. ಬಿಸಿಲು ನೆತ್ತಿಗೇರಿದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆಂದು ಫೋಟೊಗ್ರಾಫರ್ ಅವಸರಿಸುತ್ತಿದ್ದಾನೆ. ಮುಂದಿನ ಸಾಲಿನಲ್ಲಿ ಮಂಡಿಯೂರಿ ಕುಳಿತ ಹುಡುಗನ ಕೈಯಲ್ಲಿ ಸ್ಲೇಟು. ಅದರ ಮೇಲೆ ಸೀಮೆಸುಣ್ಣದಲ್ಲಿ ‘10ನೇ ತರಗತಿ, ಬಿ ವಿಭಾಗ’.

ಕ್ಲಿಕ್. ಇನ್ನೊಂದು ಕ್ಲಿಕ್. “ಆಯ್ತು ಸರ್” ಎಂದದ್ದೇ ತಡ, ಸಾಲುಗಳು ಚದುರಿದವು.

ಆಗ ಒಬ್ಬಳು ನೋಟ್‌ಬುಕ್ ಹಿಡಿದು ಓಡಿ ಬಂದಳು. ಯಾವ ಸಾಲಿನಲ್ಲಿ ಯಾರ ಪಕ್ಕ ಯಾರಿದ್ದರು ಎಂದು ಬರೆದುಕೊಳ್ಳುವ ಕೆಲಸವನ್ನು ಮೇಷ್ಟ್ರು ಅವಳಿಗೆ ವಹಿಸಿದ್ದರು. ಮೊದಲ ಸಾಲು ಬರೆದು ಮುಗಿಸುವಷ್ಟರಲ್ಲಿ ಮೂರನೆಯ ಸಾಲಿನವರು ನಲ್ಲಿಯ ಹತ್ತಿರ ಇದ್ದರು. “ಕೊನೇಲಿ ನಿಂತಿದ್ದೋನು ಯಾರು?” ಎಂದು ಅವಳು ಕೂಗಿ ಕೇಳುತ್ತಲೇ ಇದ್ದಳು.

ವಾರ್ಷಿಕ ಸಂಚಿಕೆ ಒಳ್ಳೆಯದಾಗುವುದೋ ಕೆಡುವುದೋ ಈ ಕೂಗಿನಲ್ಲೇ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ. ಮುಖಪುಟಕ್ಕೆ ಎಷ್ಟು ಬಣ್ಣ ಬಳಿದರೂ, ಎಷ್ಟು ನುಣುಪಾದ ಕಾಗದ ಹಾಕಿದರೂ, ಇಪ್ಪತ್ತು ವರ್ಷದ ಮೇಲೆ ಅದನ್ನು ಕೈಗೆತ್ತಿಕೊಳ್ಳುವವರು ಮೊದಲು ತೆರೆಯುವುದು ಗ್ರೂಪ್ ಫೋಟೊ ಇರುವ ಪುಟವನ್ನು. ಬೆರಳು ಮುಖದಿಂದ ಹೆಸರಿಗೆ, ಹೆಸರಿನಿಂದ ಮುಖಕ್ಕೆ ಓಡಾಡುತ್ತದೆ. ಅಲ್ಲಿ ಒಂದು ಹೆಸರು ತಪ್ಪಿದರೆ ಅದರ ಮುಂದಿನವರೆಲ್ಲ ಒಬ್ಬೊಬ್ಬರಾಗಿ ಪಕ್ಕದವರ ಹೆಸರಿಗೆ ಜಾರುತ್ತಾರೆ. ಸಾಲಿನ ಕೊನೆಯವನಿಗೆ ಹೆಸರೇ ಉಳಿಯುವುದಿಲ್ಲ.

ಯಾರಿಗೆ ಎಷ್ಟು ಪುಟ?

ನಮ್ಮ ಕಡೆಯ ವಾರ್ಷಿಕ ಸಂಚಿಕೆಯ ಮೈಕಟ್ಟು ಹೆಚ್ಚುಕಡಿಮೆ ಎಲ್ಲ ಊರಿನಲ್ಲೂ ಒಂದೇ. ಮುಖಪುಟ ತಿರುವಿದರೆ ಸಂಸ್ಥಾಪಕರ ಭಾವಚಿತ್ರ, ಆಡಳಿತ ಮಂಡಳಿ, ಶುಭ ಸಂದೇಶಗಳು, ಸಂಪಾದಕೀಯ, ಪ್ರಾಂಶುಪಾಲರ ವರದಿ. ಆಮೇಲೆ ರ‍್ಯಾಂಕ್ ಪಡೆದವರು, ಎನ್‌ಸಿಸಿ, ಎನ್‌ಎಸ್‌ಎಸ್, ಕ್ರೀಡೆ, ವಿದ್ಯಾರ್ಥಿ ಸಂಘ. ಅದಾದ ಮೇಲೆ ಕನ್ನಡ, ಇಂಗ್ಲಿಷ್, ಹಿಂದಿ, ಸಂಸ್ಕೃತ ವಿಭಾಗಗಳು. ಕರಾವಳಿಯಾದರೆ ತುಳು, ಕೊಂಕಣಿ. ಕೊಡಗಾದರೆ ಕೊಡವ ತಕ್ಕ್. ಕೊನೆಯಲ್ಲಿ ‘ಶುಭಾಶಯಗಳೊಂದಿಗೆ’ ಎಂದು ಶುರುವಾಗುವ ಬಟ್ಟೆ ಅಂಗಡಿ, ಬೇಕರಿ, ಅಕ್ಕಿ ಗಿರಣಿಗಳ ಜಾಹೀರಾತು.

ಈ ಚೌಕಟ್ಟಿನಲ್ಲಿ ದೋಷವಿಲ್ಲ. ಪುಟ ಹಂಚುವಾಗ ಮಾತ್ರ ನಾವು ಎಡವುತ್ತೇವೆ. ಸಂದೇಶ ಕಳಿಸಿದ ಪ್ರತಿ ಗಣ್ಯರಿಗೂ ಒಂದೊಂದು ಇಡೀ ಪುಟ, ಅದೂ ಲೆಟರ್‌ಹೆಡ್ ಸಮೇತ, ಬಣ್ಣದಲ್ಲಿ. ಅರವತ್ತು ಮಕ್ಕಳ ತರಗತಿಗೆ ಅರ್ಧ ಪುಟ. ಸಂದೇಶಗಳಲ್ಲಿ ಬರುವ ಮಾತು ಎಲ್ಲ ಶಾಲೆಗೂ ಒಂದೇ, ಎಲ್ಲ ವರ್ಷಕ್ಕೂ ಒಂದೇ. ತಲಾ ಎರಡು ಸಾಲಿನಂತೆ ಎಲ್ಲವನ್ನೂ ಒಂದೇ ಪುಟಕ್ಕೆ ತಂದರೆ ಯಾರ ಗೌರವಕ್ಕೂ ಕುಂದಿಲ್ಲ. ಉಳಿದ ಪುಟಗಳು ಮಕ್ಕಳಿಗೆ ಬರಲಿ.

ಈ ಲೆಕ್ಕವನ್ನು ಅಮೆರಿಕದ ಶಾಲೆಗಳಿಂದ ಕಲಿಯಬಹುದು. ಅಲ್ಲಿನ ಇಯರ್‌ಬುಕ್‌ನಲ್ಲಿ ಬರಹಕ್ಕಿಂತ ಚಿತ್ರ ಹೆಚ್ಚು. ತರಗತಿಯ ಪ್ರತಿಯೊಬ್ಬರದೂ ಒಂದೇ ಅಳತೆಯ ಮುಖಚಿತ್ರ, ಕೊನೆಯಲ್ಲಿ ಹೆಸರುಗಳ ಅಕಾರಾದಿ ಸೂಚಿ, ಯಾರು ಯಾವ ಪುಟದಲ್ಲಿದ್ದಾರೆ ಎಂಬ ವಿವರ. ಆ ಸೂಚಿ ಓದುಗರಿಗಿಂತ ಮೊದಲು ಸಂಪಾದಕರಿಗೆ ಉಪಯೋಗಕ್ಕೆ ಬರುತ್ತದೆ. ಒಂದು ಹೆಸರಿನ ಮುಂದೆ ಹತ್ತು ಪುಟಸಂಖ್ಯೆ, ಇನ್ನೊಂದರ ಮುಂದೆ ಒಂದೇ ಒಂದು ಎಂದು ಕಂಡ ಕೂಡಲೇ ಯಾರನ್ನು ಬಿಟ್ಟಿದ್ದೇವೆಂದು ಗೊತ್ತಾಗುತ್ತದೆ. ನಮ್ಮ ಸಂಚಿಕೆಗೂ ಅಂಥದೊಂದು ಪಟ್ಟಿ ಇರಲಿ. ಅಚ್ಚಿಗೆ ಹೋಗುವ ಮುನ್ನ ತಯಾರಿಸಿದರೆ ಹಿಂದಿನ ಬೆಂಚಿನ ಎಷ್ಟೋ ಮಕ್ಕಳು ಪುಸ್ತಕದೊಳಗೆ ಬರುತ್ತಾರೆ.

> ಕ್ಯಾಮೆರಾಕ್ಕೂ ಮೊದಲು
>
> ಅಮೆರಿಕದ ಮೊದಲ ಕಾಲೇಜು ಇಯರ್‌ಬುಕ್ ಎಂದು ಸಾಮಾನ್ಯವಾಗಿ ಹೆಸರಿಸುವುದು ಯೇಲ್ ಕಾಲೇಜಿನಲ್ಲಿ 1806ರಲ್ಲಿ ಪದವಿ ಪಡೆದವರ ಪುಸ್ತಕವನ್ನು. ಆಗಿನ್ನೂ ಛಾಯಾಚಿತ್ರದ ಆವಿಷ್ಕಾರವೇ ಆಗಿರಲಿಲ್ಲ. ಮ್ಯಾಸಚೂಸೆಟ್ಸ್‌ನ ಛಾಯಾಗ್ರಾಹಕ ಜಾರ್ಜ್ ವಾರೆನ್ 1860ರ ದಶಕದಲ್ಲಿ ಒಂದೇ ನೆಗೆಟಿವ್‌ನಿಂದ ಹಲವು ಪ್ರತಿ ತೆಗೆದು ಕಾಲೇಜು ವಿದ್ಯಾರ್ಥಿಗಳಿಗೆ ಮಾರತೊಡಗಿದ. ಅವರು ಬೇಕಾದ ಚಿತ್ರಗಳನ್ನು ಆರಿಸಿ ಆಲ್ಬಂ ಕಟ್ಟಿಸಿಕೊಳ್ಳುತ್ತಿದ್ದರು. 1880ರ ದಶಕದಲ್ಲಿ ಹಾಫ್‌ಟೋನ್ ಮುದ್ರಣ ಬಂದ ಮೇಲೆ ಚಿತ್ರ, ಅಕ್ಷರ ಎರಡೂ ಒಂದೇ ಪುಟದಲ್ಲಿ ಅಚ್ಚಾಗುವಂತಾಯಿತು.

ಮೊಳೆ, ಗ್ಯಾಲಿ, ಬ್ಲಾಕು

ನಮ್ಮಲ್ಲಿ ವಾರ್ಷಿಕ ಸಂಚಿಕೆ ಮೊದಲಿನಿಂದಲೂ ಬರವಣಿಗೆಯ ಪುಸ್ತಕ. ಇದಕ್ಕೆ ಕನ್ನಡ ಸಂಘಗಳ ಹುರುಪು ಒಂದು ಕಾರಣ, ಫೋಟೊ ಅಚ್ಚು ಹಾಕಲು ತಗಲುತ್ತಿದ್ದ ಖರ್ಚು ಇನ್ನೊಂದು.

ಆಗ ಫೋಟೊ ಬೇಕೆಂದರೆ ಬ್ಲಾಕು ಮಾಡಿಸಬೇಕಿತ್ತು. ಸಣ್ಣ ಊರಿನಲ್ಲಿ ಅದರ ಸೌಕರ್ಯವಿಲ್ಲ. ದೊಡ್ಡ ಊರಿಗೆ ಕಳಿಸಿ ಮಾಡಿಸಿ ತರಬೇಕು. ದರ ಚದರ ಇಂಚಿನ ಲೆಕ್ಕದಲ್ಲಿ. ಹಾಗಾಗಿ ರ‍್ಯಾಂಕ್ ಬಂದವರಿಗೆ ಸ್ಟಾಂಪ್ ಅಳತೆಯ ಚಿತ್ರ, ಸಂಘದ ಪದಾಧಿಕಾರಿಗಳದೊಂದು ಗ್ರೂಪ್ ಫೋಟೊ, ಅಲ್ಲಿಗೆ ಮುಗಿಯಿತು. ಸಂಸ್ಥಾಪಕರ ಬ್ಲಾಕನ್ನು ಜೋಪಾನವಾಗಿ ತೆಗೆದಿಟ್ಟು ಮುಂದಿನ ವರ್ಷಕ್ಕೆ ಮತ್ತೆ ಬಳಸುತ್ತಿದ್ದರು. ಚಿತ್ರಗಳು ಆರ್ಟ್ ಪೇಪರಿನಲ್ಲಿ ಬೇರೆಯಾಗಿ ಅಚ್ಚಾಗಿ ಪುಸ್ತಕದ ನಡುವೆ ಸೇರುತ್ತಿದ್ದವು. ಹಳೆಯ ಸಂಚಿಕೆಗಳಲ್ಲಿ ಫೋಟೊಗಳೆಲ್ಲ ಒಂದೇ ಕಡೆ ಗುಂಪಾಗಿ ಸಿಗುವುದು ಅದಕ್ಕೇ.

ಅಕ್ಷರದ ಕೆಲಸವೂ ಸುಲಭದ್ದಲ್ಲ. ಕಂಪೋಜಿಟರ್ ನಿಂತುಕೊಂಡು, ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈಯಿಂದ ಗೂಡುಗಳಲ್ಲಿದ್ದ ಮೊಳೆಗಳನ್ನು ಆರಿಸಿ ಜೋಡಿಸುತ್ತಿದ್ದರು. ಇಂಗ್ಲಿಷಿಗಿಂತ ಕನ್ನಡಕ್ಕೆ ಗೂಡು ಹೆಚ್ಚು. ಗುಣಿತಾಕ್ಷರಕ್ಕೆ ಬೇರೆ, ಒತ್ತಕ್ಷರಕ್ಕೆ ಬೇರೆ. ‘ವಿದ್ಯಾರ್ಥಿ’ ಎಂಬ ಪದವೊಂದಕ್ಕೇ ಯ-ಒತ್ತು, ಅರ್ಕಾವತ್ತು ಎಲ್ಲ ಸೇರಿ ಐದಾರು ಮೊಳೆ ಹುಡುಕಬೇಕು. ಓದುವುದು ಕನ್ನಡಿಯೊಳಗಿನ ಅಕ್ಷರದಂತೆ ತಿರುವುಮುರುವಾಗಿ. ಎಷ್ಟೋ ಕಂಪೋಜಿಟರುಗಳು ಮೇಷ್ಟ್ರ ಕಣ್ಣಿಗೆ ಬೀಳದ ಕಾಗುಣಿತದ ತಪ್ಪನ್ನು ಜೋಡಿಸುವಾಗಲೇ ತಿದ್ದುತ್ತಿದ್ದರು. ಕನ್ನಡದ ಅಚ್ಚಿನ ಚರಿತ್ರೆಯಲ್ಲಿ ಅವರ ಪಾಲನ್ನು ನಾವು ಇನ್ನೂ ಸರಿಯಾಗಿ ಬರೆದಿಲ್ಲ.

ಸಣ್ಣ ಪ್ರೆಸ್ಸಿನಲ್ಲಿ ಇಡೀ ಪುಸ್ತಕಕ್ಕೆ ಸಾಲುವಷ್ಟು ಮೊಳೆ ಇರುತ್ತಿರಲಿಲ್ಲ. ನಾಲ್ಕೋ ಎಂಟೋ ಪುಟ ಜೋಡಿಸಿ, ಗ್ಯಾಲಿ ಪ್ರೂಫ್ ತೆಗೆದು, ತಿದ್ದಿ, ಅಚ್ಚು ಹಾಕಿ, ಮೊಳೆಗಳನ್ನೆಲ್ಲ ಮತ್ತೆ ಗೂಡಿಗೆ ವಿಂಗಡಿಸಿದ ಮೇಲೇ ಮುಂದಿನ ಪುಟಗಳು. ಒಂದು ಫಾರಂ ಅಚ್ಚಾಗಿ ಹೋದರೆ ಆ ಪುಟ ಮತ್ತೆ ಸಿಗುವುದಿಲ್ಲ. ಆಮೇಲೆ ಕಂಡ ತಪ್ಪುಗಳಿಗಾಗಿ ಕೊನೆಯಲ್ಲಿ ಒಂದು ಒಪ್ಪೋಲೆ ಸೇರಿಸುತ್ತಿದ್ದರು. ಈಗಿನ ಸಂಚಿಕೆಗಳಲ್ಲಿ ಒಪ್ಪೋಲೆ ಕಾಣುವುದಿಲ್ಲ. ತಪ್ಪುಗಳೇನೋ ಇವೆ.

> ಕಾಲೇಜಿನ ಅಂಗಳದಿಂದ
>
> ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಆರಂಭಿಸಿತು. ಎ.ಆರ್. ಕೃಷ್ಣಶಾಸ್ತ್ರಿಗಳು ಅದರ ಹಿಂದಿನ ಶಕ್ತಿ. ಕಾಲೇಜಿನ ಸಂಘವೊಂದರ ಪತ್ರಿಕೆ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕೈಗೆ ಹೋಗಿ ಕನ್ನಡದ ಗಂಭೀರ ಸಾಹಿತ್ಯ ಪತ್ರಿಕೆಯಾಗಿ ಬೆಳೆಯಿತು.
>
> ಹಳೆಯ ಕಾಲೇಜು ಸಂಚಿಕೆಗಳಲ್ಲಿ ‘ಫಾರಂ 4’ ಎಂಬ ಪುಟ ಸಿಗುತ್ತದೆ. ಪ್ರಕಟಣೆಯ ಸ್ಥಳ, ಅವಧಿ, ಮುದ್ರಕರ ಹೆಸರು, ಪ್ರಕಾಶಕರ ಹೆಸರು, ರಾಷ್ಟ್ರೀಯತೆ ಎಲ್ಲ ಅದರಲ್ಲಿರುತ್ತದೆ. ಇದರ ಮೂಲ 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ. ಊರಿನ ಪ್ರೆಸ್ಸುಗಳ ಚರಿತ್ರೆ ಹುಡುಕುವವರಿಗೆ ಈ ಪುಟ ಬಂಗಾರ.

‘ತಳವಾರ’ ಹೋಗಿ ‘ತಲವಾರ’

ಡಿಟಿಪಿ ಬಂದಾಗ ಎಲ್ಲರಿಗೂ ಹಗುರವಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕನ್ನಡದ ಟೈಪಿಂಗನ್ನು ಯಾರೂ ಕಲಿಯಬಹುದಾದ ಕೆಲಸವನ್ನಾಗಿ ಮಾಡಿತು. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಡಿಟಿಪಿ ಅಂಗಡಿಗಳು ತೆರೆದವು. ವಾರ್ಷಿಕ ಸಂಚಿಕೆಗಳು ಆ ಅಂಗಡಿಗಳಿಗೆ ಬಂದವು.

ಅಲ್ಲಿ ಇನ್ನೂ ಹಲವರು ಬಳಸುವುದು ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 2001ರದು. ಯುನಿಕೋಡ್ ಕನ್ನಡ ಅದಕ್ಕೆ ಗೊತ್ತಿಲ್ಲ. ಮಕ್ಕಳು ಮೊಬೈಲಿನಲ್ಲಿ ಬರೆದು ಕಳಿಸುವುದು ಯುನಿಕೋಡಿನಲ್ಲಿ. ಅದನ್ನು ನುಡಿ ಅಥವಾ ಶ್ರೀಲಿಪಿಗೆ ಪರಿವರ್ತಿಸುವಾಗ ‘ರ‍್ಯಾಂಕ್’ ಇದ್ದದ್ದು ‘ರ್ಯಾಂಕ್’ ಆಗುತ್ತದೆ. ಉದ್ಧರಣ ಚಿಹ್ನೆಯ ಜಾಗದಲ್ಲಿ ಯಾವುದೋ ಅಕ್ಷರ ಬಂದು ಕೂರುತ್ತದೆ. ಪರಿವರ್ತನೆಗೆ ಮುಂಚೆ ಕರಡು ತಿದ್ದಿದ್ದರೆ ಆ ಶ್ರಮ ಅರ್ಧ ವ್ಯರ್ಥ. ಪುಟ ಕಟ್ಟಿದ ಮೇಲೆ, ಕಾಗದದ ಮೇಲೆ ಪ್ರಿಂಟ್ ತೆಗೆದು ಇನ್ನೊಮ್ಮೆ ಓದಲೇಬೇಕು. ಪರದೆಯ ಮೇಲೆ ಜಾರಿಹೋಗುವ ತಪ್ಪು ಕಾಗದದ ಮೇಲೆ ಕಣ್ಣಿಗೆ ಬೀಳುತ್ತದೆ.

ಹೆಸರುಗಳ ಸಂಕಟ ಇದಕ್ಕಿಂತ ದೊಡ್ಡದು. ಪಟ್ಟಿ ಬರುವುದು ಕಚೇರಿಯ ಕಂಪ್ಯೂಟರಿನಿಂದ, ಇಂಗ್ಲಿಷಿನಲ್ಲಿ. ಮಕ್ಕಳ ಮುಖ ನೋಡದ ಆಪರೇಟರ್ ಅದನ್ನು ಕನ್ನಡಕ್ಕೆ ತರುತ್ತಾನೆ. ಇಂಗ್ಲಿಷಿನಲ್ಲಿ ಳಕಾರ, ಲಕಾರ ಎರಡಕ್ಕೂ ಒಂದೇ ಅಕ್ಷರ. ಹ್ರಸ್ವ ದೀರ್ಘಗಳ ಗುರುತೂ ಇಲ್ಲ. ತಳವಾರ ಮನೆತನದ ಹುಡುಗ ‘ತಲವಾರ’ ಆಗುತ್ತಾನೆ, ಮಡಿವಾಳ ‘ಮಡಿವಾಲ’ ಆಗುತ್ತದೆ, ಲತಾ ‘ಲತ’ ಆಗುತ್ತಾಳೆ, ಭರತ್ ‘ಭಾರತ್’ ಆಗುತ್ತಾನೆ. ಪುಸ್ತಕ ಮನೆಗೆ ಹೋಗುತ್ತದೆ. ಅಜ್ಜಿ ಕನ್ನಡಕ ಹಾಕಿಕೊಂಡು ಮೊಮ್ಮಗಳ ಹೆಸರು ಹುಡುಕುತ್ತಾಳೆ. ಸಿಕ್ಕಿದ ಹೆಸರು ಮೊಮ್ಮಗಳದಲ್ಲ.

ಇದಕ್ಕೆ ದುಡ್ಡು ಬೇಕಿಲ್ಲ, ಕ್ರಮ ಬೇಕು. ಫೋಟೊಕ್ಕೆ ನಿಲ್ಲುವ ಮೊದಲೇ ತರಗತಿಯೊಳಗೆ ಸಾಲು ಮಾಡಿಸಿ ಹೆಸರು ಬರೆಸಿಕೊಂಡರೆ ನೋಟ್‌ಬುಕ್ ಹಿಡಿದು ಯಾರೂ ನಲ್ಲಿಯ ತನಕ ಓಡಬೇಕಾಗಿಲ್ಲ. ಹೆಸರಿನ ಪಟ್ಟಿಯನ್ನು ಕನ್ನಡದ ದಾಖಲಾತಿ ಪುಸ್ತಕದಿಂದ ತೆಗೆಯಬೇಕು. ಕರಡು ಬಂದ ದಿನ ಅದನ್ನು ತರಗತಿಯ ಬಾಗಿಲಿಗೆ ಅಂಟಿಸಿ, ಕೆಂಪು ಪೆನ್ನು ಕಟ್ಟಿ ಬಿಡಿ. ಪ್ರತಿಯೊಬ್ಬರೂ ತಮ್ಮ ಹೆಸರು ನೋಡಿ ಸರಿಯಿದ್ದರೆ ಸಹಿ ಹಾಕಲಿ, ತಪ್ಪಿದ್ದರೆ ತಿದ್ದಲಿ. ತನ್ನ ಹೆಸರನ್ನು ಕಾಯುವವರು ತನಗಿಂತ ಬೇರೆ ಯಾರೂ ಇಲ್ಲ.

ಜ್ವರ ಬಂದೋ ಮನೆಯ ಕೆಲಸಕ್ಕೋ ಆ ದಿನ ತಪ್ಪಿಸಿಕೊಂಡವರಿಗೆ ‘ಚಿತ್ರದಲ್ಲಿಲ್ಲದವರು’ ಎಂದು ಒಂದು ಸಾಲು ಇಡಲೇಬೇಕು. ಸಾಧ್ಯವಾದರೆ ಅವರ ಚಿಕ್ಕ ಫೋಟೊವನ್ನೂ ಪಕ್ಕದಲ್ಲಿ ಹಾಕಬೇಕು. ಬಿಸಿಯೂಟದ ಅಡುಗೆಯವರಿಗೂ ಗಂಟೆ ಬಾರಿಸುವವರಿಗೂ ಒಂದು ಫೋಟೊ, ಹೆಸರು ಸಮೇತ.

ಕಾಗದ ಮಡಿಸಿದರೆ ಪಾಠ ಸಿಗುತ್ತದೆ

ಸಂಪಾದಕ ಮಂಡಳಿಯ ಮೊದಲ ಸಭೆಗೆ ಒಂದು ದೊಡ್ಡ ಹಾಳೆ ತನ್ನಿ. ಅದನ್ನು ಮಧ್ಯಕ್ಕೆ ಮೂರು ಸಲ ಮಡಿಸಿ. ಎಂಟು ಎಲೆ, ಹದಿನಾರು ಪುಟ. ಮಡಿಕೆ ಬಿಚ್ಚದೆ, ಪುಟ ತಿರುವುತ್ತ 1ರಿಂದ 16ರವರೆಗೆ ಅಂಕಿ ಬರೆಯಿರಿ. ಈಗ ಹಾಳೆ ಬಿಡಿಸಿ ನೋಡಿ. 1ರ ಪಕ್ಕ 16, 8ರ ಪಕ್ಕ 9, 13ರ ಪಕ್ಕ 4. ಜೋಡಿಯ ಮೊತ್ತ ಯಾವಾಗಲೂ 17.

ಆಫ್‌ಸೆಟ್ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಗುವುದು ಹೀಗೆಯೇ, ಬಿಡಿ ಪುಟಗಳಾಗಿ ಅಲ್ಲ, ಫಾರಂಗಳಾಗಿ. ಇದು ಗೊತ್ತಾದರೆ ಎರಡು ಲಾಭ. ಸಂಚಿಕೆ 98 ಪುಟಕ್ಕೆ ಬಂದು ನಿಂತರೆ ಎರಡು ಪುಟ ಕಡಿಮೆ ಮಾಡಿ 96 ಮಾಡುವುದು ಒಳ್ಳೆಯದು. ಆರು ಫಾರಂಗೆ ಸರಿಹೋಗುತ್ತದೆ. ಇನ್ನೊಂದು, ಬಣ್ಣದ ಲೆಕ್ಕ. ಹಾಳೆಯ ಒಂದೇ ಬದಿಗೆ ಬಣ್ಣ ಹಾಕಿಸುವಷ್ಟು ದುಡ್ಡಿದ್ದರೆ ಆ ಫಾರಂನ 1, 4, 5, 8, 9, 12, 13, 16ನೆಯ ಪುಟಗಳು ಬಣ್ಣದಲ್ಲಿ ಬರುತ್ತವೆ. ಫೋಟೊಗಳನ್ನು ಆ ಪುಟಗಳಿಗೆ, ಬರಹವನ್ನು ಉಳಿದವಕ್ಕೆ ಹಂಚಿದರೆ ಅರ್ಧ ಖರ್ಚಿನಲ್ಲಿ ಇಡೀ ಪುಸ್ತಕ ಬಣ್ಣದಿಂದ ತುಂಬಿದಂತೆ ಕಾಣುತ್ತದೆ. ಮುದ್ರಣದವರನ್ನು ಕೇಳಿದರೆ ಅವರೇ ತೋರಿಸಿಕೊಡುತ್ತಾರೆ. ನಾವು ಅವರ ಬಳಿ ಹೋಗುವುದು ಎಲ್ಲ ಮುಗಿದ ಮೇಲೆ, ಅದೇ ತೊಂದರೆ.

ಗ್ರೂಪ್ ಫೋಟೊವನ್ನು ಎರಡು ಪುಟಕ್ಕೆ ಹರಡುವ ಆಸೆ ಎಲ್ಲ ವಿನ್ಯಾಸಕಾರರಿಗೂ ಇರುತ್ತದೆ. ಬೇಡ. ಬೆನ್ನಿಗೆ ಅಂಟು ಹಾಕಿ ಕಟ್ಟಿದ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ನಡುವೆ ನಿಂತ ಇಬ್ಬರು ಮೂವರು ಮಕ್ಕಳು ಆ ಸಂದಿಯಲ್ಲಿ ಮಾಯವಾಗುತ್ತಾರೆ. ಒಂದೇ ಪುಟಕ್ಕೆ ಅಡ್ಡಡ್ಡ ಹಾಕಿ. ಪುಸ್ತಕ ತಿರುಗಿಸಿ ನೋಡಿದರಾಯಿತು.

ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು. ಏಳು ಇಂಚು ಅಗಲದ ಚಿತ್ರಕ್ಕೆ 2100. ಸಾಲಿನಲ್ಲಿ ಹದಿನೈದು ಮಂದಿ ನಿಂತಿದ್ದರೆ ಒಬ್ಬೊಬ್ಬರ ಪಾಲಿಗೆ ಬರುವುದು 140 ಚುಕ್ಕೆ, ಅದರಲ್ಲಿ ಮುಖಕ್ಕೆ ಇನ್ನೂ ಕಡಿಮೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿರುತ್ತದೆ. ಫೋಟೊಗ್ರಾಫರ್ ಬಳಿ ಪೆನ್‌ಡ್ರೈವ್ ಹಿಡಿದು ಹೋಗಿ ಮೂಲ ಫೈಲನ್ನೇ ತರಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮ್ಯಾಪ್‌ಲಿಥೊ ಕಾಗದ ಶಾಯಿ ಹೀರಿಕೊಂಡು ಚುಕ್ಕೆಗಳನ್ನು ಹಿಗ್ಗಿಸುತ್ತದೆ, ಚಿತ್ರ ಕಪ್ಪಾಗುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಕಪ್ಪು ಮೈಬಣ್ಣದ ಮಕ್ಕಳ ಮುಖಕ್ಕೆ. ಕಣ್ಣು, ಮೂಗು, ನಗು ಯಾವುದೂ ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲೇ ಚಿತ್ರದ ನಡುಛಾಯೆಯನ್ನು ಸ್ವಲ್ಪ ತಿಳಿ ಮಾಡಿ, ಫೋಟೊ ಪುಟಗಳಿಗಾದರೂ ಆರ್ಟ್ ಪೇಪರ್ ಹಾಕಿದರೆ ಎಲ್ಲರ ಮುಖವೂ ಕಾಣುತ್ತದೆ. ಮೈಬಣ್ಣ ಬಿಳಿಚಿಸುವ ಫಿಲ್ಟರ್ ಮಾತ್ರ ಹತ್ತಿರವೂ ಸುಳಿಯಬಾರದು.

ಮಕ್ಕಳು ಏನು ಬರೆಯಬೇಕು?

‘ಸಮಯದ ಮಹತ್ವ’, ‘ಪರಿಸರ ಮಾಲಿನ್ಯ’, ‘ನಿಮಗಿದು ಗೊತ್ತೆ?’, ಎಲ್ಲೋ ಓದಿದ ನಗೆಹನಿ. ಕನ್ನಡ ವಿಭಾಗದಲ್ಲಿ ವರ್ಷ ವರ್ಷವೂ ಸಿಗುವ ಶೀರ್ಷಿಕೆಗಳಿವು. ಮೊದಲು ಪುಸ್ತಕದಿಂದ ನಕಲಾಗುತ್ತಿತ್ತು, ಆಮೇಲೆ ಇಂಟರ್‌ನೆಟ್ಟಿನಿಂದ, ಈಗ ಕೇಳಿದರೆ ಬರೆದುಕೊಡುವ ಯಂತ್ರವೇ ಇದೆ. ಮಕ್ಕಳನ್ನು ದೂರಿ ಫಲವಿಲ್ಲ. ‘ಒಂದು ಲೇಖನ ಕೊಡು’ ಎಂದು ಕೇಳಿದರೆ ಅವರು ಕೊಡುವುದು ಲೇಖನದಂತೆ ಕಾಣುವ ಏನನ್ನೋ.

ಪ್ರಶ್ನೆ ಬದಲಿಸಿ ನೋಡಿ. ನಿಮ್ಮ ಮನೆಯ ಬಾವಿ ತೋಡಿದವರು ಯಾರು, ಎಷ್ಟು ಆಳಕ್ಕೆ ನೀರು ಬಂತು? ನೀನು ಬರುವ ಬಸ್ಸಿನ ಕಂಡಕ್ಟರ್ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ? ಅಡುಗೆಯಕ್ಕ ಇಷ್ಟು ಮಕ್ಕಳಿಗೆ ಎಷ್ಟು ಉಪ್ಪು ಹಾಕಬೇಕೆಂದು ಹೇಗೆ ಅಂದಾಜು ಮಾಡುತ್ತಾರೆ? ಇವಕ್ಕೆ ಉತ್ತರ ಯಾವ ಯಂತ್ರದಲ್ಲೂ ಸಿಗುವುದಿಲ್ಲ. ಹೋಗಿ ಕೇಳಲೇಬೇಕು. ಹಾಗೆ ಕೇಳಿ ಬರೆದ ಬರಹದಲ್ಲಿ ಊರಿನ ಮಾತು ತಾನಾಗಿ ಬರುತ್ತದೆ. ಅದನ್ನು ತಿದ್ದುವ ಮೇಷ್ಟ್ರು ಕಾಗುಣಿತ ಸರಿಪಡಿಸಲಿ, ಮಾತನ್ನು ಸವರದಿರಲಿ. ಬೀದರಿನ ಹುಡುಗಿ ಬೀದರಿನ ಕನ್ನಡದಲ್ಲಿ ಮಾತಾಡಿಸಿದ ಅಜ್ಜನನ್ನು ಗ್ರಾಂಥಿಕ ಕನ್ನಡದಲ್ಲಿ ಮಾತಾಡಿಸಿದರೆ ಆ ಅಜ್ಜ ಅಲ್ಲಿ ಉಳಿಯುವುದಿಲ್ಲ.

> ಖರ್ಚಿಲ್ಲದ ಸಂಚಿಕೆ
>
> ಎಲ್ಲ ಶಾಲೆಗಳಿಗೂ ಆಫ್‌ಸೆಟ್ ಮುದ್ರಣ ಕೈಗೆಟುಕುವುದಿಲ್ಲ. ಆದರೆ ಕೈಬರಹದ ಪತ್ರಿಕೆ ಮತ್ತು ಗೋಡೆ ಪತ್ರಿಕೆಗಳ ಪರಂಪರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಗಟ್ಟಿಯಾಗಿದೆ. ವರ್ಷವಿಡೀ ಗೋಡೆಗೆ ಹಾಕಿದ ಹಾಳೆಗಳನ್ನು ಎಸೆಯದೆ ಫೈಲಿನಲ್ಲಿಟ್ಟರೆ ಫೆಬ್ರುವರಿಯ ಹೊತ್ತಿಗೆ ಸಂಚಿಕೆ ಅರ್ಧ ಸಿದ್ಧ. ಎ4 ಹಾಳೆಯನ್ನು ಅಡ್ಡ ಮಡಿಸಿ ಜೆರಾಕ್ಸ್ ಮಾಡಿಸಿ ನಡುವೆ ಪಿನ್ ಹೊಡೆದರೆ ಪುಸ್ತಕ. ಪುಟಗಳು ನಾಲ್ಕರ ಗುಣಕದಲ್ಲಿರಬೇಕು, ಅಷ್ಟೇ. ಮಗುವಿನ ಬರಹ ಅದೇ ಕೈಬರಹದಲ್ಲಿ ಉಳಿಯುವುದು ಇದರ ಹೆಚ್ಚುಗಾರಿಕೆ.

ಪಿಡಿಎಫ್ ಸಾಕೇ?

ಇತ್ತೀಚೆಗೆ ಹಲವು ಕಡೆ ಅಚ್ಚು ನಿಲ್ಲಿಸಿ ಪಿಡಿಎಫ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಿದ್ದಾರೆ. ದುಡ್ಡಿನ ಕಷ್ಟ ಅರ್ಥವಾಗುತ್ತದೆ. ಆದರೆ ಫೋನ್ ಬದಲಾಯಿತೆಂದರೆ ಆ ಫೈಲ್ ಹೋಯಿತು. ಮನೆಯ ಕಪಾಟಿನಲ್ಲಿ ರೇಷನ್ ಕಾರ್ಡು, ಮದುವೆ ಆಲ್ಬಂಗಳ ಜೊತೆ ಉಳಿಯುವುದು ಕಾಗದವೇ. ಪಿಡಿಎಫ್ ಇರಲಿ, ಅದರ ಜೊತೆಗೆ ಕಪ್ಪು–ಬಿಳುಪಿನಲ್ಲಾದರೂ ಅಚ್ಚು ಇರಲಿ.

ಪಿಡಿಎಫ್ ಊರೂರು ತಿರುಗುವ ಕಾಲದಲ್ಲಿ ಮಕ್ಕಳ ಹೆಸರು, ಫೋಟೊದ ಪಕ್ಕ ಮನೆಯ ವಿಳಾಸ, ಹುಟ್ಟಿದ ದಿನ, ಫೋನ್ ನಂಬರ್ ಹಾಕುವ ಹಳೆಯ ರೂಢಿ ನಿಲ್ಲಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ವರ್ಷದ ಆರಂಭದಲ್ಲೇ ಒಂದು ಒಪ್ಪಿಗೆ ಪತ್ರ ತರಿಸಿಕೊಂಡರೆ ಕೊನೆಯ ಗಳಿಗೆಯ ಪರದಾಟ ತಪ್ಪುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿದುಬಿಡುತ್ತದೆ. ಸಂಚಿಕೆ ಅಚ್ಚಾಗಿ ಬರುವುದು ಜುಲೈಗೋ ಆಗಸ್ಟಿಗೋ. ಹತ್ತನೆಯ ತರಗತಿಯವರು ಮಾರ್ಚ್–ಏಪ್ರಿಲ್‌ನಲ್ಲೇ ಪರೀಕ್ಷೆ ಬರೆದು ಹೋಗಿರುತ್ತಾರೆ. ಯಾರ ನೆನಪಿಗೆಂದು ಪುಸ್ತಕ ಮಾಡಿದರೋ ಅವರ ಕೈಗೇ ಅದು ಸಿಗುವುದಿಲ್ಲ. ಕಟ್ಟುಗಟ್ಟಲೆ ಪ್ರತಿಗಳು ಪ್ರಯೋಗಾಲಯದ ಮೂಲೆಯಲ್ಲಿ ದೂಳು ತಿನ್ನುತ್ತವೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಈಚಿನ ವರ್ಷಗಳಲ್ಲಿ ಮೇ ತಿಂಗಳಲ್ಲಿ ಬರುತ್ತಿದೆ. ಟಿ.ಸಿ. ಮತ್ತು ಅಂಕಪಟ್ಟಿಗೆ ಎಲ್ಲರೂ ಶಾಲೆಗೆ ಬಂದೇ ಬರುತ್ತಾರೆ. ಸಂಚಿಕೆಯ ಗಡುವು ಆ ದಿನವೇ ಆಗಬೇಕು. ಅದಕ್ಕೆ ಲೇಖನಗಳು ಡಿಸೆಂಬರಿಗೆ, ಫೋಟೊ ಜನವರಿಗೆ, ಕರಡು ಫೆಬ್ರುವರಿಗೆ ಮುಗಿಯಬೇಕು. ಟಿ.ಸಿ. ರಿಜಿಸ್ಟರಿನ ಪಕ್ಕದಲ್ಲೇ ಸಂಚಿಕೆಯ ರಿಜಿಸ್ಟರ್ ಇಟ್ಟು ಪ್ರತಿ ಕೊಟ್ಟು ಸಹಿ ಪಡೆದರೆ ಯಾರಿಗೆ ಸಿಕ್ಕಿಲ್ಲವೆಂದು ತಿಳಿಯುತ್ತದೆ. ಮುದ್ರಣಕ್ಕೆ ಪ್ಲೇಟ್ ಒಮ್ಮೆ ಮಾಡಿಸಿದ ಮೇಲೆ ಇನ್ನೈವತ್ತು ಪ್ರತಿಗೆ ಬೀಳುವುದು ಹೆಚ್ಚಾಗಿ ಕಾಗದ ಮತ್ತು ಬೈಂಡಿಂಗಿನ ಖರ್ಚು. ಆ ಐವತ್ತನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎರಡು ಪ್ರತಿ ಶಾಲೆಯ ಗ್ರಂಥಾಲಯಕ್ಕೆ, ಒಂದು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ, ಒಂದು ಅಡುಗೆಮನೆಗೆ. ಹೆಸರಿನ ಪಟ್ಟಿಯನ್ನು ದಾಖಲಾತಿ ಪುಸ್ತಕದಿಂದ ತೆಗೆದಿದ್ದರೆ ನವೆಂಬರಿನಲ್ಲಿ ಶಾಲೆ ಬಿಟ್ಟ ಹುಡುಗಿಯ ಹೆಸರೂ ಅದರಲ್ಲಿರುತ್ತದೆ. ಅವಳ ಪ್ರತಿಯನ್ನು ಎಂಟನೆಯ ತರಗತಿಯಲ್ಲಿರುವ ತಂಗಿಯ ಕೈಯಲ್ಲಿ ಕಳಿಸಿ, ರಿಜಿಸ್ಟರಿನಲ್ಲಿ ತಂಗಿಯ ಸಹಿ ಹಾಕಿಸಿಕೊಳ್ಳಬಹುದು.